ಪತ್ತೇದಾರಿ ಧಾರಾವಾಹಿಗಳಲ್ಲಿ ಕಥಾದೋಷ ಮತ್ತು ಕಾಕತಾಳೀಯ

ಕಥಾದೋಷ ಎಂದರೆ ಒಂದು ಕಥನವು ತಾನೇ ಸ್ಥಾಪಿಸಿದ ಸಂಗತಿ, ಕಾಲಕ್ರಮ ಅಥವಾ ನಿಯಮಕ್ಕೆ ವಿರುದ್ಧವಾಗಿ ಸಾಗಿದಾಗ ಅದರ ಕಾರ್ಯಕಾರಣ ಸರಪಳಿಯಲ್ಲಿ ಉಂಟಾಗುವ ಬಿರುಕು. ಕಾಕತಾಳೀಯ ಎಂದರೆ ಪರಸ್ಪರ ಸಂಬಂಧವಿಲ್ಲದ ಎರಡು ಘಟನೆಗಳು ಆಕಸ್ಮಿಕವಾಗಿ ಕೂಡಿಬರುವುದು. ಇವೆರಡೂ ಎಲ್ಲ ಬಗೆಯ ಕಥನಗಳಲ್ಲಿ ಕಂಡುಬರುತ್ತವೆಯಾದರೂ ಪತ್ತೇದಾರಿ ಕಾದಂಬರಿ, ಚಲನಚಿತ್ರ ಮತ್ತು ದೂರದರ್ಶನ ಧಾರಾವಾಹಿಗಳಲ್ಲಿ ಹೆಚ್ಚು ಗಂಭೀರವೆನಿಸುತ್ತವೆ. ಸುಳಿವುಗಳಿಂದ ತರ್ಕದ ಮೂಲಕ ಅಪರಾಧಿಯನ್ನು ಗುರುತಿಸಬಹುದು ಎಂಬ ಭರವಸೆಯೇ ಈ ಪ್ರಕಾರದ ಆಧಾರವಾಗಿರುವುದು ಇದಕ್ಕೆ ಕಾರಣ.

ಪದಗಳ ಹಿನ್ನೆಲೆ

'ಕಾಕತಾಳೀಯ' ಎಂಬುದು ಸಂಸ್ಕೃತದ ಲೌಕಿಕ ನ್ಯಾಯಗಳಲ್ಲಿ ಒಂದು. ಕಾಗೆಯು ತಾಳೆಮರದ ಮೇಲೆ ಬಂದು ಕುಳಿತ ಕ್ಷಣದಲ್ಲಿಯೇ ಹಣ್ಣು ಉದುರಿದರೆ, ಕಾಗೆಯಿಂದಲೇ ಹಣ್ಣು ಬಿದ್ದಿತೆಂದು ನೋಡುವವರು ಭಾವಿಸುತ್ತಾರೆ. ವಾಸ್ತವದಲ್ಲಿ ಎರಡಕ್ಕೂ ಸಂಬಂಧವಿರುವುದಿಲ್ಲ. ಇದಕ್ಕೆ ಸಮೀಪವಾದ ಇನ್ನೊಂದು ಘುಣಾಕ್ಷರ ನ್ಯಾಯ. ಮರವನ್ನು ಕೊರೆಯುವ ಹುಳು ಮಾಡಿದ ಗೆರೆ ಅಕ್ಷರದಂತೆ ಕಂಡರೂ ಹುಳುವಿಗೆ ಬರೆಯುವ ಉದ್ದೇಶವಿರಲಿಲ್ಲ ಎಂಬುದು ಅದರ ತಾತ್ಪರ್ಯ. ಮೊದಲನೆಯದು ಇಲ್ಲದ ಕಾರಣವನ್ನು ಕಾಣುವ ತಪ್ಪನ್ನೂ ಎರಡನೆಯದು ಇಲ್ಲದ ಉದ್ದೇಶವನ್ನು ಕಾಣುವ ತಪ್ಪನ್ನೂ ಸೂಚಿಸುತ್ತವೆ. ಪತ್ತೇದಾರನು ತನಿಖೆಯಲ್ಲಿ ಎದುರಿಸುವ ಮುಖ್ಯ ಅಪಾಯಗಳೂ ಇವೇ ಆಗಿವೆ.

ಹಳೆಯ ಕಥನಗಳಲ್ಲಿ ಆಕಸ್ಮಿಕ

ಆಕಸ್ಮಿಕವನ್ನು ಆಧರಿಸಿದ ಕಥೆಗಳು ಪ್ರಾಚೀನವಾದವು. ಕಾಳಿದಾಸನ 'ಅಭಿಜ್ಞಾನ ಶಾಕುಂತಲ'ದಲ್ಲಿ ಶಕುಂತಲೆಯು ನೀರಿನಲ್ಲಿ ಕಳೆದುಕೊಂಡ ಉಂಗುರವು ಮೀನಿನ ಹೊಟ್ಟೆಯಲ್ಲಿ ಬೆಸ್ತನಿಗೆ ದೊರೆಯುತ್ತದೆ. ಅವನನ್ನು ರಾಜಭಟರು ಕಳ್ಳನೆಂದು ಹಿಡಿದು ವಿಚಾರಿಸುವ ಸನ್ನಿವೇಶ ಆರನೆಯ ಅಂಕದ ಆರಂಭದಲ್ಲಿದೆ. ಲಕ್ಷ್ಮೀಶನ 'ಜೈಮಿನಿ ಭಾರತ'ದ ಚಂದ್ರಹಾಸನ ಕಥೆಯಲ್ಲಿ, ಚಂದ್ರಹಾಸನಿಗೆ ವಿಷ ಕೊಡಬೇಕೆಂಬ ದುಷ್ಟಬುದ್ಧಿಯ ಪತ್ರವು ಅವನ ಮಗಳಾದ ವಿಷಯೆಯ ಕಣ್ಣಿಗೇ ಬೀಳುತ್ತದೆ. ಆಕೆ 'ವಿಷ' ಎಂಬುದನ್ನು ತನ್ನ ಹೆಸರಾಗಿ ತಿದ್ದುವುದರಿಂದ ಕೊಲೆಯ ಸಂಚು ಮದುವೆಯಾಗಿ ಪರಿಣಮಿಸುತ್ತದೆ.

ಇಂಥ ಕಥೆಗಳಲ್ಲಿ ಆಕಸ್ಮಿಕವನ್ನು ದೋಷವೆಂದು ಪರಿಗಣಿಸುವುದಿಲ್ಲ. ಅದರ ಹಿಂದೆ ಶಾಪ, ವಿಧಿ ಅಥವಾ ದೈವಕೃಪೆ ಇದೆಯೆಂಬ ತಿಳಿವಳಿಕೆ ಕಥೆಯಲ್ಲಿಯೇ ಇದೆ. ಆರ್ಗೋಸ್ ನಗರದಲ್ಲಿ ಮಿಟಿಸ್ ಎಂಬವನ ಪ್ರತಿಮೆಯು ಅವನ ಸಾವಿಗೆ ಕಾರಣನಾದವನ ಮೇಲೆಯೇ ಬಿದ್ದ ಪ್ರಸಂಗವನ್ನು ಅರಿಸ್ಟಾಟಲ್ 'ಕಾವ್ಯಮೀಮಾಂಸೆ'ಯಲ್ಲಿ ಉಲ್ಲೇಖಿಸುತ್ತಾನೆ. ಉದ್ದೇಶಪೂರ್ವಕವೆಂಬಂತೆ ಕಾಣುವ ಆಕಸ್ಮಿಕಗಳು ಹೆಚ್ಚು ವಿಸ್ಮಯಕಾರಿ ಎಂಬುದು ಅವನ ಅಭಿಪ್ರಾಯ. ವಿಧಿಯ ಸ್ಥಾನದಲ್ಲಿ ಸಾಕ್ಷ್ಯವನ್ನು ಇರಿಸಿದ ಪತ್ತೇದಾರಿ ಕಥನಕ್ಕೆ ಈ ರಿಯಾಯಿತಿ ದೊರೆಯುವುದಿಲ್ಲ.

ಪ್ರಕಾರದ ನಿಯಮಗಳು

ಇಂಗ್ಲಿಷ್ ಲೇಖಕ ರೊನಾಲ್ಡ್ ನಾಕ್ಸ್ 1929ರಲ್ಲಿ ಪತ್ತೇದಾರಿ ಕಥೆಗಳಿಗೆ ಹತ್ತು ನಿಯಮಗಳನ್ನು ರೂಪಿಸಿದರು. ಆಕಸ್ಮಿಕವು ಪತ್ತೇದಾರನ ನೆರವಿಗೆ ಬರಬಾರದು, ಅವನಿಗೆ ದೊರೆತ ಸುಳಿವು ಓದುಗರಿಗೂ ದೊರೆಯಬೇಕು, ಅತಿಮಾನುಷ ಶಕ್ತಿಯಿಂದ ರಹಸ್ಯ ಬಿಡಿಸಬಾರದು ಎಂಬುವು ಅವುಗಳಲ್ಲಿ ಸೇರಿವೆ. ಅದಕ್ಕೆ ಹಿಂದಿನ ವರ್ಷ ಅಮೆರಿಕದ ಎಸ್. ಎಸ್. ವ್ಯಾನ್ ಡೈನ್ ಇಪ್ಪತ್ತು ನಿಯಮಗಳನ್ನು ಪ್ರಕಟಿಸಿದ್ದರು. ಇವು ಕಥೆಗಾರ ಮತ್ತು ಓದುಗರ ನಡುವಿನ ಒಂದು ಒಪ್ಪಂದವನ್ನು ಸೂಚಿಸುತ್ತವೆ.

ಕನ್ನಡದಲ್ಲಿ ಈ ಪ್ರಕಾರವನ್ನು ಜನಪ್ರಿಯಗೊಳಿಸಿದವರಲ್ಲಿ 'ಪತ್ತೇದಾರ ಪುರುಷೋತ್ತಮ' ಖ್ಯಾತಿಯ ಎನ್. ನರಸಿಂಹಯ್ಯ ಪ್ರಮುಖರು. ದೂರದರ್ಶನದಲ್ಲಿ 1985ರ 'ಕರಮಚಂದ್' ಮತ್ತು 1993ರ 'ಬ್ಯೋಮಕೇಶ್ ಬಕ್ಷಿ', ಖಾಸಗಿ ವಾಹಿನಿಯಲ್ಲಿ 1998ರಲ್ಲಿ ಆರಂಭವಾದ 'ಸಿ.ಐ.ಡಿ.' ಹಿಂದಿ ಧಾರಾವಾಹಿಗಳು ದೇಶದಾದ್ಯಂತ ವೀಕ್ಷಕರನ್ನು ಪಡೆದವು.

ಕಾಕತಾಳೀಯದ ಸ್ಥಾನ

ನಿಜಜೀವನದಲ್ಲಿ ಕಾಕತಾಳೀಯಗಳು ಅಪರೂಪವಲ್ಲ. ಇಪ್ಪತ್ಮೂರು ಜನರ ಗುಂಪಿನಲ್ಲಿ ಇಬ್ಬರ ಜನ್ಮದಿನ ಒಂದೇ ಆಗಿರುವ ಸಂಭವನೀಯತೆ ಅರ್ಧಕ್ಕಿಂತ ಹೆಚ್ಚು. ಆದ್ದರಿಂದ ಕಥೆಯಲ್ಲಿನ ಆಕಸ್ಮಿಕವು ದೋಷವಾಗುವುದು ಅದರ ವಿರಳತೆಯಿಂದಲ್ಲ, ಅದು ಬರುವ ಸ್ಥಾನ ಮತ್ತು ಮಾಡುವ ಕೆಲಸದಿಂದ.

ಆರಂಭದಲ್ಲಿ: ಕಥೆಗೆ ಚಾಲನೆ ನೀಡುವ ಆಕಸ್ಮಿಕವನ್ನು ವೀಕ್ಷಕರು ಸಾಮಾನ್ಯವಾಗಿ ಒಪ್ಪುತ್ತಾರೆ. ಹೇಮಂತ್ ರಾವ್ ನಿರ್ದೇಶನದ 'ಕವಲುದಾರಿ' (2019) ಚಿತ್ರದಲ್ಲಿ ಬೆಂಗಳೂರು ಮೆಟ್ರೊ ಕಾಮಗಾರಿಯ ಸ್ಥಳದಲ್ಲಿ ದೊರೆತ ಅಸ್ಥಿಗಳು ಹಳೆಯ ಪ್ರಕರಣವೊಂದರ ತನಿಖೆಗೆ ದಾರಿ ಮಾಡುತ್ತವೆ.

ಮಧ್ಯದಲ್ಲಿ: ನಾಯಕನ ಸಂಕಷ್ಟವನ್ನು ಹೆಚ್ಚಿಸುವ ಆಕಸ್ಮಿಕವೂ ಒಪ್ಪಿತವಾಗುತ್ತದೆ. ಮಲಯಾಳಂ ಚಿತ್ರದ ರೂಪಾಂತರವಾದ 'ದೃಶ್ಯ'ದಲ್ಲಿ (2014) ಸತ್ತ ಯುವಕನು ಉನ್ನತ ಪೊಲೀಸ್ ಅಧಿಕಾರಿಯ ಮಗನೇ ಆಗಿರುವುದು ಕಾಕತಾಳೀಯ. ಆದರೆ ಅದು ನಾಯಕನಿಗೆ ಪ್ರತಿಕೂಲವಾಗಿರುವುದರಿಂದ ಕಥೆ ದುರ್ಬಲವಾಗುವುದಿಲ್ಲ.

ಅಂತ್ಯದಲ್ಲಿ: ಬಾಗಿಲ ಮರೆಯಿಂದ ತಪ್ಪೊಪ್ಪಿಗೆ ಕೇಳಿಸುವುದು, ಮರೆತುಹೋಗಿದ್ದ ಸಾಕ್ಷಿ ದಾರಿಯಲ್ಲಿ ಎದುರಾಗುವುದು ಮುಂತಾದವುಗಳಿಂದ ರಹಸ್ಯ ಬಯಲಾದರೆ ಪತ್ತೇದಾರನ ತರ್ಕ ಮತ್ತು ವೀಕ್ಷಕರ ಗಮನ ಎರಡೂ ವ್ಯರ್ಥವಾಗುತ್ತವೆ. ನಾಕ್ಸ್ ನಿಷೇಧಿಸಿದ್ದು ಈ ಬಗೆಯನ್ನು.

ಕಾಕತಾಳೀಯವೇ ಸುಳಿವಾಗುವುದೂ ಉಂಟು. ಅಗಾಥಾ ಕ್ರಿಸ್ಟಿಯ 'ದಿ ಅನ್‌ಎಕ್ಸ್‌ಪೆಕ್ಟೆಡ್ ಗೆಸ್ಟ್' (1958) ನಾಟಕದಲ್ಲಿ ಮಂಜಿನಲ್ಲಿ ಕಾರು ಸಿಕ್ಕಿಕೊಂಡ ಅಪರಿಚಿತನೊಬ್ಬ ಕೊಲೆ ನಡೆದ ಮನೆಗೆ ಆಕಸ್ಮಿಕವಾಗಿ ಬಂದಂತೆ ತೋರುತ್ತದೆ; ಆ ಆಗಮನ ಆಕಸ್ಮಿಕವಾಗಿರಲಿಲ್ಲವೆಂಬುದೇ ಕೊನೆಯ ತಿರುವು.

ದೀರ್ಘ ಸರಣಿಗಳಿಗೆ ವಿಶಿಷ್ಟವಾದ ಕಾಕತಾಳೀಯವೂ ಇದೆ. ಅಮೆರಿಕದ 'ಮರ್ಡರ್, ಶೀ ರೋಟ್' (1984–1996) ಸರಣಿಯ ನಾಯಕಿ ಹೋದಲ್ಲೆಲ್ಲ ಕೊಲೆ ನಡೆಯುತ್ತದೆ. ಆಕೆಯ ಪುಟ್ಟ ಊರಾದ ಕ್ಯಾಬಟ್ ಕೋವ್ ಪದೇಪದೇ ಅಪರಾಧಕ್ಕೆ ಈಡಾಗುತ್ತದೆ. ಇದನ್ನು ದೋಷವೆನ್ನದೆ ಪ್ರಕಾರದ ರೂಢಿಯೆಂದು ಸ್ವೀಕರಿಸಲಾಗಿದೆ.

ಕಥಾದೋಷದ ವಿಧಗಳು

ಸುಸಂಗತತೆಯ ದೋಷ: ಆರ್ಥರ್ ಕಾನನ್ ಡಾಯ್ಲ್ ಅವರ ಮೊದಲ ಷರ್ಲಾಕ್ ಹೋಮ್ಸ್ ಕಾದಂಬರಿಯಲ್ಲಿ ಡಾ. ವಾಟ್ಸನ್‌ಗೆ ಯುದ್ಧದಲ್ಲಿ ಗಾಯವಾದದ್ದು ಭುಜಕ್ಕೆ, ಎರಡನೆಯದರಲ್ಲಿ ಕಾಲಿಗೆ. 2010ರಲ್ಲಿ ಆರಂಭವಾದ 'ಷರ್ಲಾಕ್' ಧಾರಾವಾಹಿಯು ಗಾಯವನ್ನು ಭುಜದಲ್ಲಿರಿಸಿ, ಕುಂಟುವಿಕೆಯನ್ನು ಮಾನಸಿಕ ಕಾರಣದ್ದೆಂದು ತೋರಿಸುವ ಮೂಲಕ ಈ ವ್ಯತ್ಯಾಸಕ್ಕೆ ಸಮಾಧಾನ ನೀಡಿತು.

ವಾಸ್ತವಾಂಶದ ದೋಷ: ಡಾಯ್ಲ್ ಅವರ 'ದಿ ಸ್ಪೆಕಲ್ಡ್ ಬ್ಯಾಂಡ್' ಕಥೆಯಲ್ಲಿ ಹಾವೊಂದು ಸಿಳ್ಳೆಯ ಕರೆಗೆ ಮರಳಿ ಬರುತ್ತದೆ, ಹಾಲು ಕುಡಿಯುತ್ತದೆ. ಹಾವುಗಳ ಆಹಾರ ಹಾಲಲ್ಲ. ಅವುಗಳನ್ನು ಸಿಳ್ಳೆಗೆ ಹೀಗೆ ಪಳಗಿಸಲೂ ಆಗುವುದಿಲ್ಲ.

ಉತ್ತರವಿಲ್ಲದ ಪ್ರಶ್ನೆ: ರೇಮಂಡ್ ಚಾಂಡ್ಲರ್ ಅವರ 'ದಿ ಬಿಗ್ ಸ್ಲೀಪ್' ಕಾದಂಬರಿಯಲ್ಲಿ ಕಾರು ಚಾಲಕನ ಸಾವಿಗೆ ಕಾರಣ ಸ್ಪಷ್ಟವಾಗುವುದಿಲ್ಲ. ಇದರ ಚಲನಚಿತ್ರ ರೂಪ 1946ರಲ್ಲಿ ಬಿಡುಗಡೆಯಾಯಿತು.

ಕಾನೂನು ಪ್ರಕ್ರಿಯೆಗೆ ಸಂಬಂಧಿಸಿದ ದೋಷಗಳು

ಭಾರತೀಯ ಧಾರಾವಾಹಿಗಳಲ್ಲಿ ಕಂಡುಬರುವ ಕೆಲವು ದೋಷಗಳು ಕಥೆಯಾಚೆಗೂ ಪರಿಣಾಮ ಬೀರಬಲ್ಲವು. ತನಿಖೆ ಮತ್ತು ಬಂಧನದ ಬಗ್ಗೆ ಅನೇಕರಿಗೆ ಮೊದಲ ಪರಿಚಯ ದೊರೆಯುವುದು ತೆರೆಯ ಮೇಲೆಯೇ. ಆರೋಪಿಯು ಪೊಲೀಸ್ ಅಧಿಕಾರಿಯ ಮುಂದೆ ತಪ್ಪೊಪ್ಪಿಕೊಂಡೊಡನೆ ಪ್ರಕರಣ ಮುಗಿಯುವುದು ಇಂಥ ಒಂದು ರೂಢಿ. 1872ರ ಭಾರತೀಯ ಸಾಕ್ಷ್ಯ ಅಧಿನಿಯಮದ 25ನೆಯ ಕಲಮಿನಂತೆ, ಈಗ ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 23ನೆಯ ಕಲಮಿನಂತೆ, ಅಂಥ ತಪ್ಪೊಪ್ಪಿಗೆಯನ್ನು ಆರೋಪಿಯ ವಿರುದ್ಧ ಸಾಬೀತುಪಡಿಸುವಂತಿಲ್ಲ. ಅವನ ಮಾಹಿತಿಯಿಂದ ಹೊಸ ಸಂಗತಿಯೊಂದು ಪತ್ತೆಯಾದರೆ, ಅದಕ್ಕೆ ಸಂಬಂಧಿಸಿದಷ್ಟು ಭಾಗ ಮಾತ್ರ ಸ್ವೀಕಾರಾರ್ಹ. ಬಂಧಿತನನ್ನು ಪ್ರಯಾಣದ ಸಮಯ ಹೊರತುಪಡಿಸಿ 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆಂದು ಸಂವಿಧಾನದ 22ನೆಯ ಅನುಚ್ಛೇದ ವಿಧಿಸುತ್ತದೆ.

ಮಂಪರು ಪರೀಕ್ಷೆಯ ಬಳಕೆ ಇನ್ನೊಂದು ಉದಾಹರಣೆ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಮಂಪರು ಪರೀಕ್ಷೆ, ಸುಳ್ಳುಪತ್ತೆ ಪರೀಕ್ಷೆ ಹಾಗೂ ಮಿದುಳಿನ ಪರೀಕ್ಷೆ ನಡೆಸುವಂತಿಲ್ಲವೆಂದು ತೀರ್ಪಿತ್ತಿತು. ಒಪ್ಪಿಗೆಯಿದ್ದರೂ ಪರೀಕ್ಷೆಯ ಫಲಿತಾಂಶವು ತನ್ನಷ್ಟಕ್ಕೆ ಸಾಕ್ಷ್ಯವಾಗುವುದಿಲ್ಲ. ಇದಕ್ಕೆ ವಿರುದ್ಧವಾಗಿ, ಚುಚ್ಚುಮದ್ದಿನಿಂದಲೇ ಸತ್ಯ ಹೊರಬಂದು ಶಿಕ್ಷೆಯಾಗುವ ಕಥೆಯು ಸಮಕಾಲೀನ ಕರ್ನಾಟಕದಲ್ಲಿ ನಡೆಯುವಂತಿದ್ದರೆ ಅದು ಕಥಾದೋಷವಾಗುತ್ತದೆ.

ಮೊಬೈಲ್ ಟವರ್ ಮಾಹಿತಿಯಿಂದ ಆರೋಪಿಯ ಕೋಣೆಯನ್ನೇ ಗುರುತಿಸುವುದೂ ಇದೇ ವರ್ಗದ್ದು. ಟವರ್ ದಾಖಲೆಯು ಫೋನು ಇದ್ದ ಪ್ರದೇಶವನ್ನು ತಿಳಿಸುತ್ತದೆ. ಬೆಂಗಳೂರಿನ ಪಶ್ಚಿಮ ಭಾಗದ ಹೇರೋಹಳ್ಳಿಯಂಥ ಜನವಸತಿಯಲ್ಲಿ ಒಂದು ಟವರಿನ ವ್ಯಾಪ್ತಿಗೆ ನೂರಾರು ಮನೆಗಳು ಬರಬಹುದು. ಫೋನು ಅಲ್ಲಿತ್ತು ಎಂಬುದರಿಂದ ಅದರ ಮಾಲೀಕ ಕೊಲೆಯಾದ ಮನೆಯಲ್ಲಿದ್ದನೆಂದು ಸಿದ್ಧವಾಗುವುದಿಲ್ಲ.

ಕಾರಣಗಳು

ದೈನಿಕ ಧಾರಾವಾಹಿಗಳಲ್ಲಿ ಪ್ರಸಾರ ನಡೆಯುತ್ತಿರುವಾಗಲೇ ಮುಂದಿನ ಕಂತುಗಳ ಬರವಣಿಗೆ ನಡೆಯುವುದರಿಂದ, ಪ್ರಸಾರವಾದ ಸುಳಿವನ್ನು ಹಿಂದಕ್ಕೆ ಹೋಗಿ ತಿದ್ದಲು ಸಾಧ್ಯವಿಲ್ಲ. ಬರಹಗಾರರ ಬದಲಾವಣೆ, ಕಲಾವಿದರ ನಿರ್ಗಮನ ಮತ್ತು ಕಥೆಯ ವಿಸ್ತರಣೆಯಿಂದ ಮೂಲ ಯೋಜನೆ ಕದಡುತ್ತದೆ. ಒಂದೇ ಕಂತಿನಲ್ಲಿ ಮುಗಿಯಬೇಕಾದ ಕಥೆಗಳಲ್ಲಿ ಸಮಯದ ಮಿತಿಯಿಂದಾಗಿ ತನಿಖೆಯ ಹಂತಗಳು ಕೈಬಿಟ್ಟುಹೋಗಿ, ಅವುಗಳ ಸ್ಥಾನವನ್ನು ಆಕಸ್ಮಿಕ ತುಂಬುತ್ತದೆ.

ದೋಷವಲ್ಲದ ಸಂಗತಿಗಳು

ಪಾತ್ರವೊಂದು ಅವಿವೇಕದಿಂದ ವರ್ತಿಸುವುದು, ಸುಳ್ಳು ಹೇಳುವುದು ಅಥವಾ ಪತ್ತೇದಾರನು ತಪ್ಪು ತೀರ್ಮಾನಕ್ಕೆ ಬರುವುದು ಕಥಾದೋಷವಲ್ಲ. ತೆರೆಯ ಮೇಲೆ ತೋರಿಸದಿದ್ದರೂ ವೀಕ್ಷಕರು ಸುಲಭವಾಗಿ ಊಹಿಸಬಹುದಾದ ಘಟನೆಯೂ ದೋಷವಾಗುವುದಿಲ್ಲ. ಬಿಟ್ಟುಹೋದ ಕೊಂಡಿಯನ್ನು ಕಥೆಯೊಳಗಿನ ಸಂಗತಿಗಳಿಂದಲೇ ಜೋಡಿಸಲು ಸಾಧ್ಯವೇ ಎಂಬುದು ಇಲ್ಲಿ ಮುಖ್ಯವಾದ ಪರೀಕ್ಷೆ.