ನಿಮಗಿದು ಗೊತ್ತೇ? ಪಾರ್ಸಲ್ ತಡವಾದರೆ ತಪ್ಪು ಯಾರ ಖಾತೆಗೆ?

ಆನ್‌ಲೈನ್‌ನಲ್ಲಿ ಮಾಲು ಮಾರುವವರನ್ನು ಅಳೆಯುವಾಗ ಮೊದಲು ನೋಡುವುದು ಪಾರ್ಸಲ್ ನಿಮ್ಮ ಬಾಗಿಲಿಗೆ ಬಂದ ದಿನವನ್ನಲ್ಲ, ಅದು ಮಾರಾಟಗಾರರ ಕೈಯಿಂದ ಹೊರಟ ದಿನವನ್ನು. ಅಮೆಜಾನ್ ಇದನ್ನು ‘ಲೇಟ್ ಶಿಪ್‌ಮೆಂಟ್ ರೇಟ್’ ಎನ್ನುತ್ತದೆ. ಮಾರಾಟಗಾರರು ತಾವೇ ಕಳಿಸುವ ಆರ್ಡರ್‌ಗಳಲ್ಲಿ ಎಷ್ಟು ನಿಗದಿತ ದಿನ ದಾಟಿ ಹೊರಟವು ಎಂದು 10 ದಿನಗಳದ್ದೊಂದು, 30 ದಿನಗಳದ್ದೊಂದು ಲೆಕ್ಕವನ್ನು ಅಮೆಜಾನ್ ಇಡುತ್ತದೆ. ಅದು ಶೇ 4ಕ್ಕಿಂತ ಕಡಿಮೆ ಇರಬೇಕು.

ಈ ಶೇಕಡಾ ಲೆಕ್ಕ ಸಣ್ಣವರಿಗೇ ಹೆಚ್ಚು ಬಿಗಿ. ಯಲಹಂಕದ ಮನೆಯೊಂದರಿಂದ ತಿಂಗಳಿಗೆ 20 ಸೀರೆ ಕಳಿಸುವ ಮಹಿಳೆಯನ್ನು ಊಹಿಸಿಕೊಳ್ಳಿ. ಮಗುವಿಗೆ ಜ್ವರ ಬಂದು ಒಂದೇ ಒಂದು ಪಾರ್ಸಲ್ ಮರುದಿನ ಹೊರಟರೆ ಅವರ ಲೆಕ್ಕ ಶೇ 5! ಯಶವಂತಪುರದ ಗೋದಾಮಿನಿಂದ ತಿಂಗಳಿಗೆ 2000 ಪಾರ್ಸಲ್ ಕಳಿಸುವವರು 79 ಆರ್ಡರ್ ತಡಮಾಡಿದರೂ ಶೇ 3.95ರಲ್ಲೇ ಇರುತ್ತಾರೆ. ತಡವನ್ನು ಅಳೆಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಒಂದು ಪಾರ್ಸಲ್ ತಡವಾದವರು ಗೆರೆ ದಾಟಿ, 79 ಪಾರ್ಸಲ್ ತಡವಾದವರು ಗೆರೆಯೊಳಗೇ ಉಳಿಯುವ ಅಳತೆ ನ್ಯಾಯವೆಂದು ನನಗನ್ನಿಸುವುದಿಲ್ಲ.

ಮಾಲು ಸಮಯಕ್ಕೆ ಸರಿಯಾಗಿ ಹೊರಟಿದ್ದರೂ ಕಂಪ್ಯೂಟರ್‌ನಲ್ಲಿ ‘ಶಿಪ್‌ಮೆಂಟ್ ಕನ್ಫರ್ಮ್’ ಒತ್ತುವುದು ಮರುದಿನಕ್ಕೆ ಹೋದರೆ ಅದೂ ತಡವೇ. ಫ್ಲಿಪ್‌ಕಾರ್ಟ್‌ನಲ್ಲಿ ಮಾರುವವರಿಗೆ ‘ಆರ್‌ಟಿಡಿ’, ಅಂದರೆ ‘ರೆಡಿ ಟು ಡಿಸ್‌ಪ್ಯಾಚ್’ ಗುರುತು ಹಾಕುವ ಗಡುವು ಇರುತ್ತದೆ. ಅದು ತಪ್ಪಿದರೆ ‘ಬ್ರೀಚ್ ಆಯ್ತು’ ಎನ್ನುತ್ತಾರೆ.

ತಡವಾಗುವ ಆರ್ಡರನ್ನು ರದ್ದು ಮಾಡಿ ಪಾರಾಗಬಹುದೇ? ಆಗದು. ಕಳಿಸುವ ಮೊದಲೇ ಮಾರಾಟಗಾರರು ರದ್ದು ಮಾಡಿದ ಆರ್ಡರ್‌ಗಳಿಗೂ ಅಮೆಜಾನ್‌ನಲ್ಲಿ ಶೇ 2.5ರ ಮಿತಿ ಇದೆ. ಕೆಟ್ಟ ರೇಟಿಂಗ್, ಗ್ರಾಹಕರ ಪರಿಹಾರದ ಬೇಡಿಕೆ ಇತ್ಯಾದಿ ಸೇರಿದ ‘ಆರ್ಡರ್ ಡಿಫೆಕ್ಟ್ ರೇಟ್’ ಶೇ 1ರೊಳಗಿರಬೇಕು. ಇವೆಲ್ಲಕ್ಕಿಂತ ಕಟ್ಟುನಿಟ್ಟಾದದ್ದು ಅದೇ.

ಬೇರೆ ಆನ್‌ಲೈನ್ ಮಾರುಕಟ್ಟೆಗಳಲ್ಲೂ ಇಂಥ ಗೆರೆಗಳಿವೆ. ಎಟ್ಸಿಯಲ್ಲಿ ‘ಸ್ಟಾರ್ ಸೆಲ್ಲರ್’ ಆಗಲು ಶೇ 95 ಆರ್ಡರ್ ಸಮಯಕ್ಕೆ ಹೊರಡಬೇಕು. ಇಬೇಯ ಉನ್ನತ ದರ್ಜೆಯ ಮಾರಾಟಗಾರರಿಗೆ ಶೇ 3ರವರೆಗಿನ ತಡ ಮಾತ್ರ ಮಾಫಿ.

‘ಗುರುವಾರದೊಳಗೆ ತಲುಪುತ್ತದೆ’ ಎಂಬ ಭರವಸೆ ಹುಟ್ಟುವುದು ಪಿನ್‌ಕೋಡ್‌ನಿಂದ. ಯಶವಂತಪುರ 560022, ಹೆಬ್ಬಾಳ 560024, ಆರ್.ಟಿ. ನಗರ 560032, ಯಲಹಂಕ 560064. ಅಂಚೆ ಇಲಾಖೆ 1972ರ ಆಗಸ್ಟ್ 15ರಂದು ತಂದ ಈ ಆರಂಕಿಯನ್ನೇ ಇಂದಿನ ಕಂಪನಿಗಳೂ ನೆಚ್ಚಿಕೊಂಡಿವೆ. ಮಾಲು ಕಟ್ಟಿ ಸಿದ್ಧಮಾಡುವ ದಿನ, ಅದರ ಮೇಲೆ ಆ ಪಿನ್‌ಕೋಡಿಗೆ ಸಾಗಿಸುವ ದಿನ, ಎರಡನ್ನೂ ಕೂಡಿಸಿ ತಾರೀಖು ತೋರಿಸುತ್ತಾರೆ. ಇದರಲ್ಲಿ ಮೊದಲ ಭಾಗ ಮಾತ್ರ ಮಾರಾಟಗಾರರ ಕೈಯಲ್ಲಿದೆ.

ಉಳಿದದ್ದು ರಸ್ತೆಯ ಕೈಯಲ್ಲಿ. ತುಮಕೂರು ರಸ್ತೆಯ ಪೀಣ್ಯ ಮೇಲ್ಸೇತುವೆಯ ಕೇಬಲ್‌ಗಳಲ್ಲಿ ದೋಷ ಕಂಡು 2021ರ ಡಿಸೆಂಬರ್‌ನಲ್ಲಿ ಅದನ್ನು ಮುಚ್ಚಿದರು. ಸಣ್ಣ ವಾಹನಗಳಿಗೆ 2022ರ ಫೆಬ್ರುವರಿಯಲ್ಲಿ ದಾರಿ ಸಿಕ್ಕಿತು, ಲಾರಿಗಳು 2024ರ ಜುಲೈವರೆಗೆ ಕಾಯಬೇಕಾಯಿತು. ನೆಲಮಂಗಲದ ಗೋದಾಮುಗಳಿಂದ ಯಶವಂತಪುರದ ಕಡೆ ಬರುವ ಸರಕು ಅಷ್ಟು ಕಾಲ ಕೆಳರಸ್ತೆಯಲ್ಲೇ ತೆವಳಿತು.

ಯಲಹಂಕ ವಾಯುನೆಲೆಯಲ್ಲಿ 1996ರಿಂದ ನಡೆದುಬಂದಿರುವ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ಬಂದರೆ ಬಳ್ಳಾರಿ ರಸ್ತೆಯಲ್ಲಿ ಸರಕು ವಾಹನಗಳಿಗೆ ನಿರ್ಬಂಧ. ಇದು ಮೊದಲೇ ಗೊತ್ತಿರುವ ತಡ. ಅನುಭವಸ್ಥ ಮಾರಾಟಗಾರರು ಆ ವಾರದ ಮಟ್ಟಿಗೆ ಮಾಲು ಸಿದ್ಧಮಾಡುವ ತಮ್ಮ ‘ಹ್ಯಾಂಡ್ಲಿಂಗ್ ಟೈಮ್’ ಅನ್ನು ಒಂದು ದಿನ ಏರಿಸಿಡುತ್ತಾರೆ. ವರಮಹಾಲಕ್ಷ್ಮಿ, ದೀಪಾವಳಿಗೂ ಇದೇ ಉಪಾಯ.

ಹೊರಟ ದಿನವನ್ನಷ್ಟೇ ಅಲ್ಲ, ತಲುಪಿದ ದಿನವನ್ನೂ ಅಳೆಯುವ ಕಾಲ ಬಂದಿದೆ. ಅಮೆರಿಕದಲ್ಲಿ ತಾವೇ ಪಾರ್ಸಲ್ ಕಳಿಸುವ ಮಾರಾಟಗಾರರು ಶೇ 90ರಷ್ಟನ್ನಾದರೂ ಹೇಳಿದ ದಿನದೊಳಗೆ ತಲುಪಿಸಬೇಕೆಂದು ಅಮೆಜಾನ್ 2024ರ ಸೆಪ್ಟೆಂಬರ್‌ನಲ್ಲಿ ನಿಯಮ ಮಾಡಿತು.

ನಮ್ಮ ಕಾನೂನು ಕೊಳ್ಳುವವರ ಪರವಾಗಿ ಹೇಳುವ ಒಂದು ಮಾತು ಅನೇಕರಿಗೆ ತಿಳಿದಿಲ್ಲ. 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣೆ (ಇ-ಕಾಮರ್ಸ್) ನಿಯಮಗಳ ಪ್ರಕಾರ, ಹೇಳಿದ ದಿನಕ್ಕಿಂತ ತಡವಾಗಿ ಬಂದ ಮಾಲನ್ನು ಹಿಂಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಹಣ ವಾಪಸು ಕೊಡುವುದಿಲ್ಲ ಎನ್ನುವಂತೆಯೂ ಇಲ್ಲ. ಮನುಷ್ಯರ ಕೈಮೀರಿದ ಅವಘಡದಿಂದ ತಡವಾಗಿದ್ದರೆ ಮಾತ್ರ ವಿನಾಯಿತಿ. 2024ರ ಅಕ್ಟೋಬರ್ ಮಳೆಗೆ ಯಲಹಂಕದ ಕೇಂದ್ರೀಯ ವಿಹಾರ ಅಪಾರ್ಟ್‌ಮೆಂಟ್ ಮುಳುಗಿ, ನಿವಾಸಿಗಳನ್ನು ದೋಣಿಯಲ್ಲಿ ಹೊರತರಬೇಕಾಯಿತು. ಅಲ್ಲಿಗೆ ಆ ವಾರ ಪಾರ್ಸಲ್ ತಲುಪದಿದ್ದರೆ ಈ ವಿನಾಯಿತಿ ಒಪ್ಪುವ ಮಾತು. ಹೆಬ್ಬಾಳದ ನಿತ್ಯದ ಟ್ರಾಫಿಕ್ ಜಾಮನ್ನು ಇದೇ ಸಾಲಿಗೆ ಸೇರಿಸಲು ನಾನಂತೂ ಒಪ್ಪಲಾರೆ. ದಿನಾ ಇರುವುದನ್ನು ಲೆಕ್ಕ ಹಾಕಿಯೇ ತಾರೀಖು ಕೊಡಬೇಕು.

ದೂರು ಕೊಟ್ಟ 48 ಗಂಟೆಯೊಳಗೆ ಕಂಪನಿಯ ಕುಂದುಕೊರತೆ ಅಧಿಕಾರಿ ಅದು ತಲುಪಿತೆಂದು ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಮಾರಾಟಗಾರರು ಸೂರತ್‌ನಲ್ಲಿದ್ದರೂ ನೀವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲೇ ದೂರು ಹೂಡಬಹುದು. ಕೊಟ್ಟ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ.

ಅದೇ ನಿಯಮಗಳಲ್ಲಿ ಮಾರಾಟಗಾರರಿಗೂ ಬೇಕಾದದ್ದಿದೆ. ಹುಡುಕಾಟದಲ್ಲಿ ಯಾರು ಮೇಲೆ, ಯಾರು ಕೆಳಗೆ ಎಂಬುದನ್ನು ತೀರ್ಮಾನಿಸುವ ಮುಖ್ಯ ಮಾನದಂಡಗಳನ್ನು ವೇದಿಕೆಗಳು ಸರಳ ಭಾಷೆಯಲ್ಲಿ ವಿವರಿಸಲೇಬೇಕು. ಆ ವಿವರಣೆ ಕನ್ನಡದಲ್ಲೂ ಸಿಗುವಂತಾದರೆ ಆರ್.ಟಿ. ನಗರದ ಸಣ್ಣ ಅಂಗಡಿಯವರಿಗೆ ಎಷ್ಟು ಅನುಕೂಲ!

ಪಾರ್ಸಲ್ ತರುವ ಹುಡುಗರನ್ನೂ ಆ್ಯಪ್ ಅಳೆಯುತ್ತಲೇ ಇರುತ್ತದೆ. ಅವರ ಸಾಮಾಜಿಕ ಭದ್ರತೆಗಾಗಿ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆಯನ್ನೇ ತಂದಿದೆ. ಅವರಿಗೆ ಪಾವತಿಸುವ ಹಣದ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳು ಕಟ್ಟಬೇಕು.

ಅಮೆಜಾನ್‌ನದೇ ಗೋದಾಮಿನಿಂದ ಹೊರಟ ಮಾಲು ತಡವಾದರೆ ಅದು ಮಾರಾಟಗಾರರ ಲೆಕ್ಕಕ್ಕೆ ಬರುವುದಿಲ್ಲ. ಬರೀ ಆ ತಡಕ್ಕಾಗಿ ನೀವು ಬರೆದ ಕೆಟ್ಟ ಅಭಿಪ್ರಾಯವನ್ನು ಅಮೆಜಾನ್ ಹೊಡೆದುಹಾಕಿ, ಹೊಣೆ ತನ್ನದೆಂದು ಬರೆಯುತ್ತದೆ. ಮಾರಾಟಗಾರರೇ ಕಳಿಸಿದ ಪಾರ್ಸಲ್ ಆದರೆ, ಒಂದು ಸ್ಟಾರ್ ಒತ್ತುವ ಮುನ್ನ ಟ್ರ್ಯಾಕಿಂಗ್ ತೆರೆದು ‘ಶಿಪ್ಡ್’ ಎಂಬಲ್ಲಿನ ತಾರೀಖನ್ನು ನೋಡಿ. ತಡ ಅಂಗಡಿಯಲ್ಲಾಯಿತೋ ದಾರಿಯಲ್ಲಾಯಿತೋ ಅಲ್ಲೇ ತಿಳಿಯುತ್ತದೆ.