ಕಚ್ಚಿಕೊಂಡ ಡೀಸೆಲ್ ಇಂಜಿನ್ನನ್ನು ಬಿಡಿಸುವ ಬಗೆ

ಬಾವಿಗೆ ಕರೆಂಟಿನ ಮೋಟಾರು ಬಂದ ಮೇಲೆ ಹಳೆಯ ಡೀಸೆಲ್ ಇಂಜಿನ್ನನ್ನು ಪಂಪುಮನೆಯ ಮೂಲೆಗೆ ತಳ್ಳಿದವರು ನಮ್ಮಲ್ಲಿ ಬಹಳ ಮಂದಿ. ನಾಲ್ಕಾರು ಮಳೆಗಾಲ ಕಳೆದು, ಕರೆಂಟು ಕೈಕೊಟ್ಟು, ಪೈರು ಬಾಡತೊಡಗಿದಾಗ ಅದರ ನೆನಪಾಗುತ್ತದೆ. ಹೋಗಿ ಹ್ಯಾಂಡಲ್ ಹಾಕಿದರೆ ಗಾಲಿ ಕೂದಲೆಳೆಯಷ್ಟೂ ಅಲುಗುವುದಿಲ್ಲ. "ಗುಜರಿಗೆ ಹಾಕಿಬಿಡೋಣ" ಅಂತ ಹಿರಿಯರು. "ಟ್ರ್ಯಾಕ್ಟರಿಗೆ ಸರಪಳಿ ಕಟ್ಟಿ ಎಳೆಯೋಣ" ಅಂತ ಕಿರಿಯರು. ಎರಡೂ ಬೇಡ. ತುಕ್ಕಿನಿಂದ ಕಚ್ಚಿಕೊಂಡ ಇಂಜಿನ್ನು ಬಲಕ್ಕೆ ಜಗ್ಗುವುದಿಲ್ಲ. ಎಣ್ಣೆ, ಬಿಸಿ ಮತ್ತು ತಾಳ್ಮೆಗೆ ಜಗ್ಗುತ್ತದೆ.

ನಮ್ಮ ತೋಟಗಳಲ್ಲಿ ಕಾಣುವ, ದೊಡ್ಡ ಗಾಲಿಯ, ನಿಧಾನವಾಗಿ ಓಡುವ ಇಂಜಿನ್ನುಗಳಲ್ಲಿ ಅನೇಕವು ಲಿಸ್ಟರ್ ಮಾದರಿಯವು. ಇಂಗ್ಲೆಂಡಿನ ಡರ್ಸ್ಲಿ ಎಂಬ ಊರಿನಲ್ಲಿ 1930ರ ಸುಮಾರಿಗೆ ಹುಟ್ಟಿದ ಈ ಮಾದರಿಯನ್ನು ಮುಂದೆ ನಮ್ಮ ದೇಶದ ರಾಜಕೋಟೆಯಲ್ಲಿಯೂ ಬಹುಕಾಲ ತಯಾರಿಸಿದರು. ಇದರಲ್ಲಿ 6 ಅಶ್ವಶಕ್ತಿಯದು ನಿಮಿಷಕ್ಕೆ 650 ಸುತ್ತು ತಿರುಗುತ್ತದೆ. ಗಟ್ಟಿಮುಟ್ಟಾದ ಯಂತ್ರ, ನಿಜ. ಆದರೆ ಇದರ ಮೈಯೆಲ್ಲ ಬೀಡು ಕಬ್ಬಿಣ. ಬೀಡು ಬಗ್ಗುವುದಿಲ್ಲ, ಒಡೆಯುತ್ತದೆ. ಸರಪಳಿ ಕಟ್ಟಿ ಎಳೆದು ಗಾಲಿಯ ಅರವನ್ನೇ ಮುರಿದುಕೊಂಡರೆ, ರಿಪೇರಿಯಾಗಬಹುದಾಗಿದ್ದ ಇಂಜಿನ್ನನ್ನು ನಾವೇ ಗುಜರಿ ಮಾಡಿದಂತೆ.

ಮೊದಲು ರೋಗ ಯಾವುದೆಂದು ತಿಳಿಯಬೇಕು. ಬೆಲ್ಟನ್ನು ಕಳಚಿ ನೋಡಿ. ಕೆಲವು ಸಲ ಕಚ್ಚಿಕೊಂಡಿರುವುದು ಪಂಪು, ಇಂಜಿನ್ನಲ್ಲ. ಬೆಲ್ಟು ತೆಗೆದರೂ ಗಾಲಿ ತಿರುಗದಿದ್ದರೆ, ಇಂಜಿನ್ನು ನಿಂತದ್ದು ಹೇಗೆಂದು ನೆನಪು ಮಾಡಿಕೊಳ್ಳಿ. ನೀರಿಲ್ಲದೆಯೋ ಎಣ್ಣೆಯಿಲ್ಲದೆಯೋ ಕಾದು, ಓಡುತ್ತಿರುವಾಗಲೇ ಗಕ್ಕನೆ ನಿಂತಿದ್ದರೆ ಅದು ಕಾವಿನ ಹಿಡಿತ. ಪಿಸ್ಟನ್ನು ಲೈನರಿಗೆ ಉಜ್ಜಿ ಗೀರಿರುತ್ತದೆ, ಇಲ್ಲವೆ ಬೇರಿಂಗ್ ಸುಟ್ಟಿರುತ್ತದೆ. ಅದು ಮೆಕ್ಯಾನಿಕ್ಕಿನ ಕೆಲಸ. ಚೆನ್ನಾಗಿ ಓಡುತ್ತಿದ್ದದ್ದು ಸುಮ್ಮನೆ ನಿಂತು ಹಿಡಿದುಕೊಂಡಿದ್ದರೆ ಅದು ತುಕ್ಕಿನ ಹಿಡಿತ. ಸೈಲೆನ್ಸರಿನ ಬಾಯಿಂದ ಮಳೆನೀರೋ ತೇವವೋ ಇಳಿದು ಪಿಸ್ಟನ್ ರಿಂಗುಗಳನ್ನು ಸಿಲಿಂಡರಿಗೆ ಅಂಟಿಸಿರುತ್ತದೆ. ಇನ್ನು, ಗಾಲಿ ಸ್ವಲ್ಪ ದೂರ ತಿರುಗಿ ಪ್ರತಿಸಲವೂ ಒಂದೇ ಜಾಗದಲ್ಲಿ ತಡೆದರೆ, ತೆರೆದಂತೆಯೇ ಹಿಡಿದುಕೊಂಡ ವಾಲ್ವಿಗೆ ಪಿಸ್ಟನ್ನು ಬಡಿಯುತ್ತಿರಬಹುದು. ಆಗ ಬಲವಂತ ಮಾಡಿದರೆ ವಾಲ್ವು ಸೊಟ್ಟಗಾಗುತ್ತದೆ.

ತುಕ್ಕಿನ ಹಿಡಿತ ಎಂದು ಗೊತ್ತಾದ ಮೇಲೆ ಹೆಡ್ಡನ್ನು ಇಳಿಸಬೇಕು. ಅದರ ನಟ್ಟುಗಳಿಗೆ ಎರಡು ದಿನ ಮುಂಚೆಯೇ ಡೀಸೆಲ್ ಬಿಟ್ಟು ನೆನೆಸಿ. ನಟ್ಟಿಗೆ ಸರಿಯಾಗಿ ಕೂರುವ ರಿಂಗ್ ಸ್ಪ್ಯಾನರನ್ನೇ ಹಾಕಿ. ಮೊದಲು ಒಂದಿಷ್ಟು ಬಿಗಿಮಾಡುವ ಕಡೆಗೆ ಒತ್ತಿ, ಆಮೇಲೆ ಸಡಿಲಿಸಿ. ಹೀಗೆ ಹಿಂದಕ್ಕೂ ಮುಂದಕ್ಕೂ ಆಡಿಸುತ್ತ ಬಿಚ್ಚಿ. ಸ್ಪ್ಯಾನರಿಗೆ ಉದ್ದನೆಯ ಕೊಳವೆ ತೂರಿಸಿ ಜಗ್ಗಿದರೆ ಸ್ಟಡ್ಡು ಬುಡದಲ್ಲಿಯೇ ಮುರಿಯುತ್ತದೆ. ಒಂದು ದಿನದ ಕೆಲಸ ಒಂದು ವಾರದ್ದಾಗುತ್ತದೆ.

ಹೆಡ್ಡು ಇಳಿಸಿದರೆ ಪಿಸ್ಟನ್ನಿನ ತಲೆ ಕಾಣುತ್ತದೆ. ಅದರ ಮೇಲಿನ ಗೋಡೆಯಲ್ಲಿರುವ ತುಕ್ಕನ್ನೂ, ಬಾಯಿಯ ಹತ್ತಿರ ಕಟ್ಟಿದ ಕರಿಯನ್ನೂ ನುಣ್ಣನೆಯ ಎಮರಿ ಕಾಗದದಿಂದ ಉಜ್ಜಿ, ಪುಡಿಯನ್ನೆಲ್ಲ ಬಟ್ಟೆಯಿಂದ ಒರೆಸಿ ತೆಗೆಯಿರಿ. ಹಾಗೆ ಬಿಟ್ಟರೆ ಮೇಲೇಳುವ ಪಿಸ್ಟನ್ನು ಅಲ್ಲಿ ಮತ್ತೆ ಸಿಕ್ಕಿಕೊಳ್ಳುತ್ತದೆ. ಆಮೇಲೆ ಡೀಸೆಲ್ ಅರ್ಧ, ಇಂಜಿನ್ ಆಯಿಲ್ ಅರ್ಧ ಬೆರೆಸಿ, ಪಿಸ್ಟನ್ನಿನ ಮೇಲೆ ಎರಡು ಬೆರಳು ನಿಲ್ಲುವಷ್ಟು ಸುರಿಯಿರಿ. ಧೂಳು ಬೀಳದಂತೆ ಮುಚ್ಚಿ ಒಂದು ವಾರ ಬಿಡಿ. ದಿನವೂ ನೋಡಿ, ಕಡಮೆಯಾದಷ್ಟು ತುಂಬಿ. ಎಣ್ಣೆ ಇಳಿಯುತ್ತಿದ್ದರೆ ಗಾಬರಿ ಬೇಡ. ಅದು ರಿಂಗುಗಳ ಸಂದಿಗೆ ಹೋಗುತ್ತಿದೆ ಎಂದರ್ಥ. ಹತ್ತಿರ ಬೀಡಿ, ದೀಪ, ಒಲೆ ಯಾವುದೂ ಸುಳಿಯಬಾರದು.

ಮುಂದಿನದು ಬಿಸಿಯ ಉಪಾಯ. ಇದನ್ನು ತಾಯಂದಿರು ಆಗಲೇ ಬಲ್ಲರು. ಒಂದರೊಳಗೊಂದು ಸಿಕ್ಕಿಕೊಂಡ ಸ್ಟೀಲ್ ಲೋಟಗಳನ್ನು ಬಿಡಿಸುವಾಗ ನೀವು ಹೊರಗಿನ ಲೋಟಕ್ಕೆ ಬಿಸಿನೀರು ತಾಕಿಸುತ್ತೀರಲ್ಲವೇ? ಹೊರಗಿನದು ಕಾವಿಗೆ ಹಿಗ್ಗಿ ಒಳಗಿನದನ್ನು ಬಿಡುತ್ತದೆ. ಇಲ್ಲಿಯೂ ಹಾಗೆಯೇ. ಸಿಲಿಂಡರಿನ ಸುತ್ತ ತಂಪಿಗೆಂದು ನೀರು ಹರಿಯುವ ಕೋಣೆಯಿದೆ. ಅದರ ಕೆಳಬಾಯಿಗೆ ಬೆಣೆ ಬಡಿದು, ಲಾಳಿಕೆಯಿಟ್ಟು ಬಿಸಿನೀರು ತುಂಬಿ. ಅಂಚಿಗಿಂತ ಎರಡು ಬೆರಳು ಕೆಳಗೇ ನಿಲ್ಲಿಸಿ, ಒಂದು ಹನಿಯೂ ಸಿಲಿಂಡರಿನೊಳಗೆ ಬೀಳಬಾರದು. ಸಿಲಿಂಡರು ಮೊದಲು ಹಿಗ್ಗುತ್ತದೆ. ಸಂದಿ ಕೂದಲೆಳೆಯಷ್ಟು ಅಗಲವಾದರೂ ಸಾಕು, ಎಣ್ಣೆ ಒಳಗಿಳಿಯುತ್ತದೆ. ನೀರು ಹೊರಬಿಟ್ಟು ತಾನಾಗಿ ಆರಲು ಬಿಡಿ, ಮತ್ತೆ ಬಿಸಿ ಮಾಡಿ. ಕಾದ ಬೀಡಿನ ಮೇಲೆ ತಣ್ಣೀರು ಮಾತ್ರ ಎರಚಬೇಡಿ, ಸೀಳಿಹೋದೀತು.

ಈಗ ಅಲುಗಿಸುವ ಕೆಲಸ. ಹ್ಯಾಂಡಲ್ ಬೇಡ, ಜಾರಿದರೆ ದವಡೆಗೆ ಬಡಿದೀತು. ಇಬ್ಬರು ಗಾಲಿಯ ಹೊರಬಳೆಯನ್ನು ಹಿಡಿದು ಹಿಂದಕ್ಕೂ ಮುಂದಕ್ಕೂ ತೂಗಿ. ಅರಗಳ ನಡುವೆ ಕೈ ತೂರಿಸಬೇಡಿ. ಒಂದೇ ಕಡೆಗೆ ಒತ್ತುವುದಕ್ಕಿಂತ ಎರಡೂ ಕಡೆಗೆ ಆಡಿಸುವುದು ಮೇಲು. ಆಗಲೂ ಜಗ್ಗದಿದ್ದರೆ, ಸಿಲಿಂಡರಿಗಿಂತ ತುಸು ಚಿಕ್ಕದಾದ ಜಾಲಿಮರದ ಗುಂಡುತುಂಡನ್ನು ಪಿಸ್ಟನ್ನಿನ ಮೇಲೆ ನಡುಮಧ್ಯಕ್ಕೆ ನಿಲ್ಲಿಸಿ ಮೆಲ್ಲಗೆ ತಟ್ಟಿ. ಅದಕ್ಕೂ ಮುಂಚೆ ಪಕ್ಕದ ಮುಚ್ಚಳ ತೆಗೆದು ಕ್ರ್ಯಾಂಕು ಎಲ್ಲಿದೆ ನೋಡಿ. ಪಿಸ್ಟನ್ನು ತೀರ ಮೇಲೆ ಅಥವಾ ತೀರ ಕೆಳಗೆ ನಿಂತಿದ್ದರೆ ಕ್ರ್ಯಾಂಕೂ ರಾಡೂ ಒಂದೇ ಗೆರೆಯಲ್ಲಿರುತ್ತವೆ. ಎಷ್ಟು ಬಡಿದರೂ ಗಾಲಿ ತಿರುಗದು, ಪೆಟ್ಟೆಲ್ಲ ಬೇರಿಂಗಿಗೆ. ಅಂಥ ಸಂದರ್ಭದಲ್ಲಿ ಮತ್ತೆ ಎಣ್ಣೆ, ಮತ್ತೆ ಬಿಸಿ, ಮತ್ತೆ ಗಾಲಿ ತೂಗುವುದು. ಮೂರು ವಾರ ಹಿಡಿದರೂ ಚಿಂತೆಯಿಲ್ಲ. ತಾಳಿದವನು ಬಾಳಿಯಾನು.

ಗಾಲಿ ತಿರುಗಿತು ಎಂದು ಒಡನೆಯೇ ಇಂಜಿನ್ನು ಓಡಿಸಬೇಡಿ. ಪಿಸ್ಟನ್ನನ್ನು ಹೊರತೆಗೆಸಿ ರಿಂಗುಗಳನ್ನು ಶುಚಿಮಾಡಿಸಿ. ಮುರಿದಿದ್ದರೆ ಹೊಸವು ಹಾಕಿಸಿ. ಲೈನರಿನ ಮೇಲೆ ಉಗುರು ಆಡಿಸಿ ನೋಡಿ. ಉಗುರು ಸಿಕ್ಕಿಕೊಳ್ಳುವಷ್ಟು ಗುಳಿಗಳಿದ್ದರೆ ಲೈನರ್ ಬದಲಾಯಿಸುವುದು ಒಳ್ಳೆಯದು. ನೀರು, ಡೀಸೆಲ್ ಬೆರೆತ ಹಳೆಯ ಎಣ್ಣೆಯನ್ನು ಪೂರ್ತಿ ಬಸಿದು ಹೊಸದು ತುಂಬಿ. ಎಲ್ಲ ಜೋಡಿಸಿದ ಮೇಲೆ ಇಪ್ಪತ್ತು ಸುತ್ತು ಕೈಯಿಂದ ತಿರುಗಿಸಿ, ಆಮೇಲೆ ಪಂಪಿನ ಭಾರವಿಲ್ಲದೆ, ತಂಪಿನ ನೀರು ಬಿಟ್ಟುಕೊಂಡು ಸ್ವಲ್ಪ ಹೊತ್ತು ಓಡಿಸಿ.

ಇಷ್ಟೆಲ್ಲ ಪಾಡು ಮತ್ತೆ ಬಾರದಿರಬೇಕಾದರೆ ಇಂಜಿನ್ನು ನಿಲ್ಲಿಸಿಡುವ ದಿನವೇ ಕಾಲು ಗಂಟೆ ಕೊಡಿ. ಸಿಲಿಂಡರಿನ ಸುತ್ತಣ ನೀರನ್ನು ಬಸಿಯಿರಿ. ನಾಜಲ್ ತೆಗೆದು ಎರಡು ಚಮಚ ಇಂಜಿನ್ ಆಯಿಲ್ ಒಳಗೆ ಬಿಟ್ಟು ಗಾಲಿಯನ್ನು ನಾಲ್ಕು ಸುತ್ತು ತಿರುಗಿಸಿ. ಎರಡೂ ವಾಲ್ವುಗಳು ಮುಚ್ಚಿರುವ ಕಡೆ ನಿಲ್ಲಿಸಿ, ನಾಜಲನ್ನು ಮತ್ತೆ ಕೂರಿಸಿ. ಸೈಲೆನ್ಸರಿನ ಬಾಯಿಗೆ ಒಂದು ಡಬ್ಬಿ ಕವುಚಿ. ಓಡಿಸುವ ಮುನ್ನ ಅದನ್ನು ತೆಗೆಯಲು ಮರೆಯದಂತೆ ಹ್ಯಾಂಡಲ್ಲಿಗೆ ಒಂದು ಕೆಂಪು ಬಟ್ಟೆ ಕಟ್ಟಿ. ಹದಿನೈದು ದಿನಕ್ಕೊಮ್ಮೆ, ಅಮಾವಾಸ್ಯೆ ಹುಣ್ಣಿಮೆಗೆ ಅಂತಲೇ ಇಟ್ಟುಕೊಳ್ಳಿ, ಗಾಲಿಯನ್ನು ಕೈಯಿಂದ ತಿರುಗಿಸಿ. ಹೀಗೆ ಇಟ್ಟುಕೊಂಡ ಇಂಜಿನ್ನು, ಕರೆಂಟು ಹೋಗಿ ಬತ್ತ ಹೊಡೆ ಬಿಚ್ಚುವ ಸಮಯಕ್ಕೆ ನೀರು ಬೇಕಾದಾಗ, ನಿಮ್ಮ ಕೈ ಬಿಡಲಾರದು.