ಗಾಜಿನಾಚೆಯ ಬಿಸಿಲು
ಚನ್ನರಾಯಪಟ್ಟಣದಲ್ಲಿ ಬಿಸಿಲಿಗೇನು ಬರ, ಓತಿಕ್ಯಾತಕ್ಕೆ ದೀಪ ಬೇರೆ ಬೇಕೇ ಎಂಬ ಪ್ರಶ್ನೆ ಸಹಜ. ಆದರೆ ಆಸ್ಟ್ರೇಲಿಯಾ ಮೂಲದ ಬಿಯರ್ಡೆಡ್ ಡ್ರ್ಯಾಗನ್ ಎಂಬ ಈ ಸಾಕು ಓತಿಕ್ಯಾತ ಮನೆಯೊಳಗಿನ ಪೆಟ್ಟಿಗೆಯಲ್ಲಿ ಬದುಕುತ್ತದೆ. ಬಿಸಿಲಿನ ಯುವಿಬಿ ಎಂಬ ಅತಿನೇರಳೆ ಕಿರಣವನ್ನು ಕಿಟಕಿಯ ಗಾಜು ಬಹುಪಾಲು ತಡೆದುಬಿಡುತ್ತದೆ. ಆ ಕಿರಣವಿಲ್ಲದೆ ಚರ್ಮದಲ್ಲಿ ಡಿ3 ಜೀವಸತ್ವ ತಯಾರಾಗದು, ತಿಂದ ಕ್ಯಾಲ್ಸಿಯಂ ಮೈಗೆ ಹತ್ತದು, ದೇಹ ತನ್ನ ಮೂಳೆಯನ್ನೇ ಕರಗಿಸಿಕೊಳ್ಳುತ್ತದೆ. ದವಡೆ ಮೆತ್ತಗಾಗುತ್ತದೆ, ಕಾಲು ನಡುಗುತ್ತದೆ, ಬೆನ್ನು ಡೊಂಕಾಗುತ್ತದೆ. ಇಷ್ಟು ಸಣ್ಣ ಜೀವಕ್ಕೆ ಅಷ್ಟು ಖರ್ಚೇಕೆ ಎನ್ನುವವರಿಗೆ ನನ್ನ ಉತ್ತರ ಒಂದೇ: ಅದನ್ನು ಬಿಸಿಲಿನಿಂದ ದೂರವಿಟ್ಟವರು ನಾವು. ಡೊಂಕಾದ ಮೂಳೆ ಸಾಮಾನ್ಯವಾಗಿ ನೆಟ್ಟಗಾಗದು, ನಿಜ; ಆದರೂ ಯುವಿಬಿ ದೀಪ, ಸುಮಾರು 40 ಡಿಗ್ರಿಯ ಬಿಸಿ ಮೂಲೆ, ಕ್ಯಾಲ್ಸಿಯಂ ಪುಡಿಯಲ್ಲಿ ಹೊರಳಿಸಿದ ಹುಳು, ಹತ್ತಲಾರದ ಕಾಲಿಗೆ ತಗ್ಗಿನ ಕಲ್ಲು, ಇವಿದ್ದರೆ ಈ ಮೂಳೆರೋಗವನ್ನು ಹಿಡಿತದಲ್ಲಿಡಬಹುದು. ದೀಪ ಉರಿಯುತ್ತಿದ್ದರೂ ಕಿರಣ ಕುಂದುವುದರಿಂದ ಅದನ್ನು ಕಾಲಕಾಲಕ್ಕೆ ಬದಲಿಸಬೇಕು. ಔಷಧದ ಪ್ರಮಾಣವನ್ನು ಮಾತ್ರ ಪಶುವೈದ್ಯರೇ ಹೇಳಬೇಕು; ಹತ್ತಿರದ ಹಾಸನದಲ್ಲಿ ಪಶುವೈದ್ಯಕೀಯ ಕಾಲೇಜೇ ಇದೆ.